ಪುಕ್ಕಟೆ ಫೋನಿನ ಲೆಕ್ಕ

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬ ಮಾತುಂಟು. ಈ ಗುಟ್ಟು ಫೋನ್ ಕಂಪನಿಗಳಿಗೂ ಗೊತ್ತು. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕೊಟ್ಟರೆ ಕೈಗೆ ಫೋನ್ ಅಂದರು. ಉಳಿದ ದುಡ್ಡು ತಿಂಗಳ ಬಿಲ್ಲಿನಲ್ಲಿ ಬಂತು. 2017ರಲ್ಲಿ ಜಿಯೋಫೋನ್ ಬೆಲೆ ಸೊನ್ನೆ ಎಂದು ಡಂಗುರ ಸಾರಿದರು. ಠೇವಣಿ 1,500 ರೂಪಾಯಿ. ಮೂರು ವರ್ಷ ಬಿಟ್ಟು ಫೋನ್ ಮರಳಿಸಿದರೆ ವಾಪಸ್. ಸರಿಯೇ. ಆದರೆ ಷರತ್ತಿನ ಸಣ್ಣಕ್ಷರ ಓದಿದವರೆಷ್ಟು ಮಂದಿ? ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸಲೇಬೇಕಿತ್ತು. ಮೂರು ವರ್ಷಕ್ಕೆ 4,500! ಬೇರೆ ಕಂಪನಿ ಸಿಮ್ಮೂ ಅದರಲ್ಲಿ ನಡೆಯದು.

ಬಡವನ ಕೈಗೂ ಇಂಟರ್‌ನೆಟ್ ಬಂದದ್ದು ನಿಜ, ವ್ಯಾಪಾರವೂ ತಪ್ಪಲ್ಲ. ಆದರೆ ಜಾಹೀರಾತಿನಲ್ಲಿ ಸೊನ್ನೆಯಷ್ಟೇ ದಪ್ಪಗೆ ಒಟ್ಟು ಮೊತ್ತವನ್ನೂ ಅಚ್ಚು ಹಾಕಿಸುವ ಕಾನೂನು ಬರಲಿ. ಅಲ್ಲೀತನಕ, ಅಂಗಡಿ ಮೆಟ್ಟಿಲು ಹತ್ತುವ ಮುನ್ನ ಒಟ್ಟು ಎಷ್ಟಾಗ್ತದೆ ಅಂತ ಕೇಳಿಕೊಳ್ಳಿ ಸ್ವಾಮಿ!