ಮರುಭೂಮಿಗೆ ಒಡೆಯರಿಲ್ಲವೇ?

ಜಲವರ್ಣದ ಸೊಗಸಿಗೆ ಮನಸೋಲದವರು ಯಾರು? ಆದರೆ ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಕಲಾವಿದರು ರಚಿಸಿದ ಬೆದೂಯಿನ್ ಅರಬರ ಚಿತ್ರಗಳ ಮುಂದೆ ನಿಂತಾಗ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ: ಇಲ್ಲಿ ಮನೆಯವರು ಯಾರು, ಅತಿಥಿ ಯಾರು?

ಆಂಗ್ಲ ಕಲಾವಿದ ಜಾನ್ ಫ್ರೆಡರಿಕ್ ಲೂಯಿಸ್ 1841ರಿಂದ 1851ರ ವರೆಗೆ ಕೈರೋದಲ್ಲಿ ನೆಲೆಸಿದ್ದ. 1842ರ ಸಿನಾಯ್ ಬೀಡಾರವೊಂದನ್ನು ಚಿತ್ರಿಸಿದ ಆತನ ಪ್ರಸಿದ್ಧ ಜಲವರ್ಣ 1856ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಬ್ರಿಟಿಷ್ ಶ್ರೀಮಂತ ಕ್ಯಾಸಲ್‌ರೇ ಪೂರ್ವದೇಶದ ಉಡುಪು ಧರಿಸಿ ಡೇರೆಯ ನೆರಳಲ್ಲಿ ಒರಗಿದ್ದಾನೆ. ಸುತ್ತಲೂ ಜಮಖಾನ, ಪುಸ್ತಕ, ಬಂದೂಕು, ಬೇಟೆನಾಯಿಗಳು. ಎದುರಿಗೆ ಶೇಖ್ ಹುಸೈನ್ ನಿಂತಿದ್ದಾರೆ. ಪ್ರವಾಸಿಗರಿಗೆ ಒಂಟೆ ಒದಗಿಸಿ ದಾರಿ ತೋರಿಸುತ್ತಿದ್ದವರು ಅಲ್ಲಿನ ಬೆದೂಯಿನರೇ. ಆದರೂ ಬಂದವನು ಒರಗಿದ್ದಾನೆ, ಮನೆಯವರು ನಿಂತಿದ್ದಾರೆ! ಆತಿಥ್ಯವನ್ನೇ ಮಾನವೆಂದು ತಿಳಿದ ಜನಾಂಗದ ಚಿತ್ರವಿದು.

ಶೇಖರನ್ನು ಲೂಯಿಸ್ ಘನತೆಯಿಂದಲೇ ಚಿತ್ರಿಸಿದ್ದಾನಲ್ಲ ಎಂದು ಕೆಲವರು ವಾದಿಸಬಹುದು. ನಿಜ, ಘನತೆ ಇದೆ. ಆದರೆ ಹಕ್ಕು ಎಲ್ಲಿದೆ? ಮೇಕೆಯ ಕೂದಲಿನಿಂದ ಡೇರೆಯ ಬಟ್ಟೆ ನೇಯುವ ಮಹಿಳೆಯರು, ಯಾವ ಬಾವಿ ಯಾವ ಕಬೀಲೆಯದೆಂಬ ಕಟ್ಟಳೆ, ಮಳೆ ಬಿದ್ದಲ್ಲಿ ಬಾರ್ಲಿ ಬಿತ್ತುವ ಬೇಸಾಯ - ಇವೆಲ್ಲ ಇಂತಹ ಚಿತ್ರಗಳಲ್ಲಿ ಕಾಣಸಿಗುವುದೇ ಅಪರೂಪ. ಉಳಿಯುವುದು ಖಾಲಿ ಮರಳು ಮತ್ತು ಎಲ್ಲಿಯೂ ನಿಲ್ಲದ ಅಲೆಮಾರಿ.

ಇದು ಕೇವಲ ಕಲೆಯ ಜಗಳವಲ್ಲ. ನಕಬ್ ಮರುಭೂಮಿಯಲ್ಲಿ ಇಸ್ರೇಲ್ 1858ರ ಉಸ್ಮಾನಿ ಭೂ ಕಾನೂನನ್ನು ಮುಂದಿಟ್ಟು ಬೆದೂಯಿನರ ನೆಲವನ್ನು 'ಸತ್ತ ಭೂಮಿ' ಎಂದು ಕರೆಯುತ್ತಿದೆ. ಅಲ್ ಅರಾಕಿಬ್ ಗ್ರಾಮವನ್ನು 2010ರ ಜುಲೈಯಲ್ಲಿ ನೆಲಸಮ ಮಾಡಲಾಯಿತು. ಜನ ಮತ್ತೆ ಕಟ್ಟಿದರು, ಮತ್ತೆ ಕೆಡವಲಾಯಿತು. ಹೀಗೆ ಇನ್ನೂರಕ್ಕೂ ಹೆಚ್ಚು ಬಾರಿ! ಅಲ್ಲಿನ ಕುಟುಂಬವೊಂದು ನೆಲದ ಹಕ್ಕು ಕೇಳಿ ಸಲ್ಲಿಸಿದ ಅರ್ಜಿಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಬುಲ್ಡೋಜರನ್ನು ಚಿತ್ರಕಾರರು ತಂದರೆಂದು ಯಾರೂ ಹೇಳುತ್ತಿಲ್ಲ. ಆದರೆ 'ಅಲ್ಲಿ ಯಾರೂ ನೆಲೆಸಿರಲಿಲ್ಲ' ಎಂಬ ಸುಳ್ಳನ್ನು ಲೋಕ ಅಷ್ಟು ಸುಲಭವಾಗಿ ನಂಬಿದ್ದೇಕೆ? ಅಂತಹ ಮರುಭೂಮಿಯನ್ನೇ ಅದು ತಲೆತಲಾಂತರದಿಂದ ಗೋಡೆಯ ಮೇಲೆ ನೋಡುತ್ತಾ ಬಂದಿದೆ.

ನಾವೇನು ಕಡಿಮೆ? ನಮ್ಮ ಈದ್ ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ ಇರುವುದೂ ಅದೇ ಸೂರ್ಯಾಸ್ತ, ಅದೇ ಒಂಟೆ, ಅದೇ ಮುಖವಿಲ್ಲದ ಮನುಷ್ಯ. ಲೂಯಿಸನ ಕುಂಚದ ಕುಸುರಿಯನ್ನು ಧಾರಾಳವಾಗಿ ಮೆಚ್ಚೋಣ. ಆದರೆ ನಿಂತಿರುವ ಶೇಖರಿಗೆ ಅವರ ನೆಲದಲ್ಲೇ ಕೂರಲು ಜಾಗ ಯಾಕಿಲ್ಲ ಎಂದು ಕೇಳದ ಮೆಚ್ಚುಗೆ ಬರೀ ಕುರುಡು ಮೆಚ್ಚುಗೆ.