ಮೊಬೈಲ್ ನಂಬರು ಮನುಷ್ಯ ಅಲ್ಲ ಸ್ವಾಮಿ!

ಡೇಟಾಬೇಸ್ ಅಂದ ಕೂಡಲೇ ಪುಟ ಮುಚ್ಚಿ ಓಡಬೇಡಿ. ಸಾಫ್ಟ್‌ವೇರ್‌ನವರ ಒಳಜಗಳದ ಹಾಗೆ ಕಂಡ್ರೂ ಇದು ನಿಮ್ಮ ಮನೆಯ ಅಜ್ಜಿಯ ತನಕ ಬರೋ ವಿಷಯ.

ಡೇಟಾಬೇಸಿನ ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ ಒಂದು ಗುರುತು ಬೇಕು. ಅದೇ ಪ್ರೈಮರಿ ಕೀ. ಎರಡು ಸಾಲಿಗೆ ಒಂದೇ ಕೀ ಇರಬಾರದು, ಕೊಟ್ಟ ಮೇಲೆ ಬದಲಾಗಬಾರದು. ನಿಯಮ ಇಷ್ಟೇ. ಆದರೆ ನಮ್ಮಲ್ಲಿ ಆಪ್ ಕಟ್ಟುವ ಎಷ್ಟೋ ಜನ ಕಣ್ಣು ಮುಚ್ಚಿ ಆ ಜಾಗಕ್ಕೆ ಮೊಬೈಲ್ ನಂಬರನ್ನು ತುರುಕ್ತಾರೆ. ಯಾಕ್ರೀ ಅಂದ್ರೆ, "ಎಲ್ಲರ ಹತ್ರಾನೂ ಇರತ್ತೆ, ಯುನೀಕ್ ಬೇರೆ" ಅನ್ನೋ ಉತ್ತರ ರೆಡಿ.

ಎರಡೂ ಸುಳ್ಳು. ಮನೆಗೆಲ್ಲ ಒಂದೇ ಫೋನಿರುವ ಕಡೆ ಏನ್ಮಾಡ್ತೀರಿ? ಆಸ್ಪತ್ರೆಯಲ್ಲಿ ಅಜ್ಜಿಯ ಹೆಸರು ಬರೆಸಲು ಹೋದರೆ "ಈ ನಂಬರ್ ಆಗಲೇ ಇದೆ" ಅನ್ನುತ್ತೆ ಕಂಪ್ಯೂಟರು. ಕೌಂಟರಿನವರು ಅಜ್ಜಿಯನ್ನು ಮೊಮ್ಮಗನ ಖಾತೆಗೇ ಸೇರಿಸಿ ಕೈ ತೊಳ್ಕೋತಾರೆ. ಆಮೇಲೆ ಸಕ್ಕರೆ ಕಾಯಿಲೆ ಯಾರಿಗೆ, ಮಾತ್ರೆ ಯಾರಿಗೆ?

ಇನ್ನು "ಯುನೀಕ್" ಕಥೆ. ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಅಂದ್ರೆ ಅದಾದ ಮೇಲೆ ಕೊಡಬಹುದು ಅಂತ! ಹೊಸಬ ಸಿಮ್ ಹಾಕಿ ಲಾಗಿನ್ ಆದರೆ ಓಟಿಪಿ ಅವನಿಗೇ ಬರುತ್ತೆ, ಹಳಬಳ ವಿಳಾಸ, ಬಿಲ್ಲು ಎಲ್ಲ ತೆರೆದುಕೊಳ್ಳುತ್ತೆ. ಓಟಿಪಿ ಹೇಳೋದು ಇವತ್ತು ಸಿಮ್ ಯಾರ ಕೈಲಿದೆ ಅಂತ ಮಾತ್ರ, ಅವರು ಯಾರು ಅಂತಲ್ಲ.

ಅರ್ಥ ಇರುವ ಯಾವುದೇ ಕೀಗೂ ಇದೇ ಗತಿ. ಊರಿನ ಹೆಸರನ್ನೇ ಕೀ ಮಾಡಿಕೊಂಡವರನ್ನು ನೆನೆಸಿಕೊಳ್ಳಿ. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ, ಕಲಬುರಗಿ ಸೇರಿ ನಮ್ಮ 12 ಊರುಗಳ ಅಧಿಕೃತ ಹೆಸರು ಬದಲಾಯಿತು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆಯಿತು. ಲೋಕ ಬದಲಾಗುತ್ತೆ, ಕೀ ಬದಲಾಗಬಾರದು. ಹಾಗಾಗಿ ಕೀಗೆ ಅರ್ಥವೇ ಇರಬಾರದು.

"ಹಾಗಾದ್ರೆ ಆಧಾರ್ ಹಾಕೋಣ" ಅನ್ನೋ ಮಹಾನುಭಾವರೂ ಇದ್ದಾರೆ. ಪ್ರೈಮರಿ ಕೀ ಒಂದು ಕಡೆ ಕೂರೋದಿಲ್ಲ ಮಾರಾಯ್ರೆ, ಬೇರೆ ಟೇಬಲ್, ಲಾಗ್, ಎಕ್ಸೆಲ್ ಶೀಟು, ಎಲ್ಲ ಕಡೆ ಹರಡುತ್ತೆ. ಆಧಾರ್ ಸಂಖ್ಯೆ ಎಲ್ಲೆಂದರಲ್ಲಿ ಕೊಡಬೇಕಾಗಿ ಬರಬಾರದು ಅಂತಲೇ ಪ್ರಾಧಿಕಾರ 2018ರಲ್ಲಿ 16 ಅಂಕಿಯ ವರ್ಚುವಲ್ ಐಡಿ ತಂದದ್ದು!

ಮತ್ತೇನು ಮಾಡೋದು? ಒಳಗಡೆಗೆ ಒಂದು, ಎರಡು, ಮೂರು ಅಂತ ತಾನೇ ಏರುವ ಸಂಖ್ಯೆ ಸಾಕು. ಆದರೆ 64 ಬಿಟ್‌ನದಿರಲಿ. 32 ಬಿಟ್‌ನ ಸಂಖ್ಯೆ 2,14,74,83,647ಕ್ಕೆ ಮುಗಿಯುತ್ತೆ. 2018ರ ನವೆಂಬರಿನಲ್ಲಿ ಬೇಸ್‌ಕ್ಯಾಂಪ್ ಇದೇ ಮಿತಿ ಮುಟ್ಟಿ ಗಂಟೆಗಟ್ಟಲೆ ಏನನ್ನೂ ಬರೆಯಲಾಗದೆ ನಿಂತಿತ್ತು. ಹೊರಗೆ, ಯುಆರ್‌ಎಲ್‌ನಲ್ಲಿ ತೋರಿಸಲು ಯುಯುಐಡಿ ಕೊಡಿ. 1041ರ ಪಕ್ಕ 1042 ಇದ್ದೇ ಇರುತ್ತೆ ಅಂತ ಯಾರು ಬೇಕಾದ್ರೂ ಊಹಿಸಬಹುದು. (ಯಾರು ಏನು ನೋಡಬಹುದು ಅನ್ನೋ ಪರೀಕ್ಷೆ ಆಗಲೂ ಬೇಕೇ ಬೇಕು!)

"ಯುಯುಐಡಿ ನಿಧಾನ" ಅನ್ನೋ ತಕರಾರಿನಲ್ಲಿ ಅರ್ಧ ಸತ್ಯ ಇದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಸಾಲುಗಳನ್ನು ಪ್ರೈಮರಿ ಕೀ ಕ್ರಮದಲ್ಲೇ ಇಡುತ್ತೆ. ಲಾಟರಿಯ ಹಾಗೆ ಹುಟ್ಟುವ 4ನೇ ಆವೃತ್ತಿಯ ಯುಯುಐಡಿ ಕೊಟ್ಟರೆ ಹೊಸ ಸಾಲು ಎಲ್ಲೆಲ್ಲೋ ನುಗ್ಗಿ ಪುಟಗಳು ಒಡೆಯುತ್ತವೆ. ಆದರೆ 2024ರ ಆರ್‌ಎಫ್‌ಸಿ 9562ರಲ್ಲಿ ಬಂದ 7ನೇ ಆವೃತ್ತಿಯ ಮೊದಲ 48 ಬಿಟ್ ಸಮಯವೇ, ಹಾಗಾಗಿ ಹೊಸದು ಕೊನೆಗೇ ಸೇರುತ್ತೆ. 2025ರ ಪೋಸ್ಟ್‌ಗ್ರೆಸ್ 18ರಲ್ಲಂತೂ ಅದು ಒಳಗೇ ಇದೆ. ಸಾಲು ಹುಟ್ಟಿದ ಹೊತ್ತು ಹೊರಗೆ ಗೊತ್ತಾಗಬಾರದು ಅಂದ್ರೆ ಮಾತ್ರ ಹೊರಗಿನದಕ್ಕೆ 4ನ್ನೇ ಬಳಸಿ.

ಮೊಬೈಲ್ ನಂಬರು? ಅದಕ್ಕೊಂದು ಬೇರೆ ಟೇಬಲ್, ಯಾವತ್ತಿಂದ ಯಾವತ್ತಿನವರೆಗೆ ಅನ್ನೋ ಎರಡು ತಾರೀಖು. ಮೊದಲ ದಿನ ಇದು ಹತ್ತು ನಿಮಿಷದ ಕೆಲಸ. ಮೂರು ವರ್ಷ ಬಿಟ್ಟು ಮಾಡಹೊರಟರೆ ಆ ಕೀ ನಂಬಿಕೊಂಡ ಟೇಬಲ್ಲುಗಳನ್ನೆಲ್ಲ ಬಿಚ್ಚಬೇಕು, ಆಗ ಮ್ಯಾನೇಜರ್ "ಮುಂದಿನ ರಿಲೀಸಿನಲ್ಲಿ ನೋಡೋಣ" ಅಂತಾನೆ. ಆ ರಿಲೀಸು ಬರೋದಿಲ್ಲ, ಅಜ್ಜಿ ಮಾತ್ರ ಕೌಂಟರಿನಲ್ಲಿ ನಿಂತೇ ಇರ್ತಾಳೆ.

ಒಪ್ಪದವರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಆದರೆ "ಎಲ್ಲರೂ ಹಾಗೇ ಮಾಡ್ತಾರೆ" ಅನ್ನೋದೊಂದು ಬಿಟ್ಟು ಬೇರೆ ಕಾರಣ ತನ್ನಿ :)