ಸೇತುವೆ ಬಂತು, ಅಪ್ಪಾ

ಮಿನ್ನಿಯಾಪೊಲಿಸ್‌ನಲ್ಲಿ ನಮ್ಮ ಮೊದಲ ಚಳಿಗಾಲ. ರಸ್ತೆ ಬರೀ ಒದ್ದೆ ಅಂದ್ಕೊಂಡು ಸೇತುವೆ ಹತ್ತಿದೆ. ಕಾರು ಜಾರಿತು. ಗಾಬರೀಲಿ ಬ್ರೇಕ್ ಒತ್ತಿದೆ. ಅಡ್ಡ ತಿರುಗಿ ತಡೆಗೋಡೆಗೆ ಮೊಳ ದೂರದಲ್ಲಿ ನಿಂತಿತು. ಹಿಂದಿನ ಸೀಟಲ್ಲಿ ಮಗಳಿದ್ದಳು.

ಅದು ಬ್ಲ್ಯಾಕ್ ಐಸ್. ಬಣ್ಣ ಕಪ್ಪಲ್ಲ, ಗಾಜಿನಂಥ ಪದರದಡಿ ಡಾಂಬರು ಕಾಣುತ್ತೆ ಅಷ್ಟೆ. ಸೇತುವೆಗೆ ಮೇಲೂ ಕೆಳಗೂ ತಣ್ಣನೆ ಗಾಳಿ, ನೆಲದ ಬಿಸುಪಿಲ್ಲ. ಮೊದಲು ಹೆಪ್ಪುಗಟ್ಟೋದು ಅದೇ. ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆ ನೋಡ್ತಾ ಸ್ಟೇರಿಂಗ್ ಮೆಲ್ಲಗೆ ತಿರುಗಿಸಬೇಕು. ಬೆಂಗಳೂರಲ್ಲಿ ಓಡಿಸಿದ ಜಂಬ ಇಲ್ಲಿ ನಡೆಯಲ್ಲ.

ಹಿಮದಲ್ಲಿ ಸಿಕ್ಕಿಕೊಂಡ್ರೆ ಹೀಟರ್ ಹಾಕೋ ಮುಂಚೆ ಸೈಲೆನ್ಸರ್ ಬಾಯಿಯ ಹಿಮ ಕೆರೆದು ತೆಗೀರಿ. ಇಲ್ಲಾಂದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತೆ, ವಾಸನೆಯೂ ಬರಲ್ಲ.

ಈಗ ಡಿಕ್ಕಿಯಲ್ಲಿ ಸಲಿಕೆ, ಕಂಬಳಿ ಇವೆ. ‘ಅಪ್ಪಾ, ಸೇತುವೆ ಬಂತು’ ಅಂತ ಮಗಳೇ ಮೊದಲು ಕೂಗ್ತಾಳೆ.